ಬ್ಯಾನರ್ ಬದಲಾದರೂ ಚಿತ್ರ ಬದಲಾಗದು!

ಸೀರೆ ಅಂಗಡಿಯೊಂದರ ವೆಬ್‌ಸೈಟಿಗೆ ದಸರಾ ರಿಯಾಯಿತಿಯ ಬ್ಯಾನರ್ ಏರಿಸಿ ಆಯಿತು. ಸರ್ವರ್‌ನಲ್ಲಿ ಹೊಸ ಚಿತ್ರವೇ ಇದೆ. ಹಳೆಯ ಗಿರಾಕಿಗಳ ಮೊಬೈಲಿನಲ್ಲಿ ಮಾತ್ರ ಇನ್ನೂ ಯುಗಾದಿ ಆಫರ್! ಮಾಲೀಕರು ಫೋನ್ ಮಾಡಿದರೆ ಡೆವಲಪರ್ ಕಡೆಯಿಂದ ಸಿದ್ಧ ಉತ್ತರ: ‘ಕ್ಯಾಶ್ ಕ್ಲಿಯರ್ ಮಾಡಿ ಸಾರ್.’ ಅವರೇನೋ ಮಾಡಿಯಾರು. ಊರೂರಲ್ಲಿರುವ ಗಿರಾಕಿಗಳಿಗೆ ಹೇಳುವವರು ಯಾರು?

ಒಮ್ಮೆ ತಂದ ಚಿತ್ರವನ್ನು ಬ್ರೌಸರ್ ತನ್ನಲ್ಲೇ ಎತ್ತಿಟ್ಟುಕೊಳ್ಳುತ್ತದೆ; ಆ ಸಂಗ್ರಹವೇ ಕ್ಯಾಶ್. ಎಷ್ಟು ಕಾಲ ಎಂಬುದನ್ನು ‘ಕ್ಯಾಶ್-ಕಂಟ್ರೋಲ್’ ಹೆಡರ್ ಮೂಲಕ ಸರ್ವರ್ ತಿಳಿಸುತ್ತದೆ. ಅಲ್ಲಿ ‘ಮ್ಯಾಕ್ಸ್-ಏಜ್’ 31536000 ಎಂದಿದ್ದರೆ ಅಷ್ಟು ಸೆಕೆಂಡು, ಅಂದರೆ 365 ದಿನ. ಅಲ್ಲಿಯವರೆಗೆ ಮಾಮೂಲಾಗಿ ಪುಟ ತೆರೆದಾಗ ಬ್ರೌಸರ್ ಆ ಚಿತ್ರಕ್ಕಾಗಿ ಸರ್ವರ್ ಕಡೆ ತಿರುಗಿಯೂ ನೋಡಬೇಕಿಲ್ಲ. ಸರ್ವರ್ ಅವಧಿಯನ್ನೇ ಹೇಳದಿದ್ದರೆ ಇನ್ನೂ ಕಷ್ಟ. ಬ್ರೌಸರ್ ತಾನೇ ಅಂದಾಜು ಕಟ್ಟುತ್ತದೆ. ಚಿತ್ರ ಕೊನೆಯ ಸಲ ಬದಲಾಗಿ ಎಷ್ಟು ದಿನವಾಯಿತೋ ಅದರ ಶೇ 10ರಷ್ಟು ಎಂಬುದು ರೂಢಿಯ ಲೆಕ್ಕ. 100 ದಿನ ಹಳೆಯ ಚಿತ್ರವಾದರೆ ಇನ್ನೂ 10 ದಿನ ಅದೇ ಗತಿ.

ಹಾಗೆಂದು ಕ್ಯಾಶನ್ನೇ ಮುಚ್ಚಿಬಿಡುವುದು ತಪ್ಪು. ಸಿಗ್ನಲ್ ಸರಿಯಾಗಿ ಸಿಗದ ಊರಿನಲ್ಲಿ ಪುಟ ಬೇಗ ತೆರೆದುಕೊಳ್ಳುವುದು, ಡೇಟಾ ಉಳಿಯುವುದು ಇದರಿಂದಲೇ. ಮಧ್ಯದ ದಾರಿಯೂ ಇದೆ. ‘ನೋ-ಕ್ಯಾಶ್’ ಎಂದು ಹೇಳಿದರೆ ಬ್ರೌಸರ್ ಚಿತ್ರವನ್ನು ಇಟ್ಟುಕೊಂಡೇ, ಪ್ರತಿ ಸಲ ಬಳಸುವ ಮುಂಚೆ ‘ಇದು ಬದಲಾಗಿದೆಯೇ?’ ಎಂದು ಸರ್ವರನ್ನು ಕೇಳುತ್ತದೆ. ಗುರುತಿಗೆ, ಚಿತ್ರದ ಜತೆ ಸರ್ವರ್ ಕೊಟ್ಟಿದ್ದ ‘ಇಟ್ಯಾಗ್’ ತೋರಿಸುತ್ತದೆ. ಬದಲಾಗಿಲ್ಲವಾದರೆ ಬರುವುದು 304 ಎಂಬ ಚುಟುಕು ಉತ್ತರ ಅಷ್ಟೇ, ಚಿತ್ರವಲ್ಲ. ಆದರೂ ಪ್ರತಿ ಚಿತ್ರಕ್ಕೂ ಸರ್ವರ್‌ವರೆಗೆ ಹೋಗಿಬರುವುದು ತಪ್ಪದು.

ನನ್ನ ಮಟ್ಟಿಗೆ ಇದಕ್ಕೆ ಸರಿಯಾದ ಮದ್ದು ಹೆಸರು ಬದಲಿಸುವುದೇ. ಬ್ರೌಸರ್ ಚಿತ್ರವನ್ನು ಗುರುತಿಸುವುದು ಅದರ ವಿಳಾಸದಿಂದ. ‘ಬ್ಯಾನರ್.ಜೆಪಿಜಿ’ ಹೋಗಿ ‘ಬ್ಯಾನರ್-7ಎಫ್3ಎ.ಜೆಪಿಜಿ’ ಬಂದರೆ ಅದಕ್ಕೆ ಅದು ಬೇರೆಯೇ ಚಿತ್ರ, ತಕ್ಷಣ ತರಿಸಿಕೊಳ್ಳುತ್ತದೆ. ಆಗ ಚಿತ್ರಗಳಿಗೆ ಧೈರ್ಯವಾಗಿ ಒಂದು ವರ್ಷದ ಅವಧಿ ಕೊಡಬಹುದು. ಆ ಹೆಸರನ್ನು ಹೇಳುವ ಎಚ್‌ಟಿಎಂಎಲ್ ಪುಟ ಮಾತ್ರ ‘ನೋ-ಕ್ಯಾಶ್’ ಆಗಿರಬೇಕು. ಕೋಡ್ ಜತೆಗಿರುವ ಚಿತ್ರಗಳಿಗೆ ವೆಬ್‌ಪ್ಯಾಕ್, ವೀಟ್‌ನಂಥ ಸಾಧನಗಳು ಇಂಥ ಹೆಸರು ಕೊಡಬಲ್ಲವು. ತೊಂದರೆ ಆಗುವುದು ಅಡ್ಮಿನ್ ಪುಟದಿಂದ ಅಪ್‌ಲೋಡ್ ಆಗುವ ಚಿತ್ರ ಹಳೆಯ ಹೆಸರಿನಲ್ಲೇ ಕೂತಾಗ.

ಆದ್ದರಿಂದ ಸೈಟ್ ಕಟ್ಟುವ ಗೆಳೆಯರಲ್ಲಿ ಒಂದು ವಿನಂತಿ: ಅಪ್‌ಲೋಡ್ ಆದ ಪ್ರತಿ ಚಿತ್ರಕ್ಕೂ ಹೊಸ ಹೆಸರು ಬೀಳುವಂತೆ ಕೋಡ್‌ನಲ್ಲೇ ವ್ಯವಸ್ಥೆ ಮಾಡಿ. ಕ್ಯಾಶ್ ಕ್ಲಿಯರ್ ಮಾಡುವ ಕೆಲಸವನ್ನು ಗಿರಾಕಿಗೆ ಹೊರಿಸಬೇಡಿ.