ಗ್ವಾಯೂಲೆ: ಮರುಭೂಮಿಯ ರಬ್ಬರು ಗಿಡವೂ ಕಾಸರಗೋಡಿನ ಮಣ್ಣೂ

ಮೆಕ್ಸಿಕೋದ ಮರುಭೂಮಿಯ ಗಿಡಕ್ಕೂ ನಮ್ಮ ಮುರಕಲ್ಲಿನ ಗುಡ್ಡೆಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ರಬ್ಬರಿನದ್ದು. ಬೆಲೆ ಬಿದ್ದಾಗ, ಟ್ಯಾಪಿಂಗಿಗೆ ಜನ ಸಿಗದಾಗ "ಬೇರೆ ರಬ್ಬರು ಗಿಡ ಇಲ್ಲವಾ?" ಎಂಬ ಪ್ರಶ್ನೆ ನಮ್ಮ ಕೃಷಿಕರಲ್ಲಿ ಏಳುತ್ತದೆ. ಇದೆ, ಅದರ ಹೆಸರು ಗ್ವಾಯೂಲೆ. ಅದು ಇಲ್ಲಿಗೆ ಆಗುತ್ತದೆಯೇ ಎಂಬುದನ್ನು ಇಂದು ನೋಡೋಣ.

ಗ್ವಾಯೂಲೆ ಸೂರ್ಯಕಾಂತಿ, ಸೇವಂತಿಗೆಗಳ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಪೊದೆ. ಎತ್ತರ ಎರಡು ಮೂರು ಅಡಿ, ಎಲೆ ಬೆಳ್ಳಿಬಣ್ಣದ್ದು. ಸಸ್ಯಶಾಸ್ತ್ರದಲ್ಲಿ ಇದು ಪಾರ್ಥೇನಿಯಂ ಅರ್ಜೆಂಟೇಟಂ. ಪಾರ್ಥೇನಿಯಂ ಎಂದ ಕೂಡಲೇ ನಿಮಗೆ ಕಾಂಗ್ರೆಸ್ ಗಿಡ ನೆನಪಾಗುತ್ತದೆ, ಅಲ್ವಾ? ಎರಡೂ ಒಂದೇ ಕುಲದವು ಹೌದು, ಆದರೆ ಸ್ವಭಾವ ಬೇರೆ. ಕಾಂಗ್ರೆಸ್ ಗಿಡ ಕೆಲವೇ ತಿಂಗಳಲ್ಲಿ ಹೂಬಿಟ್ಟು, ಬೀಜ ಚೆಲ್ಲಿ ಸಾಯುವ ಕಳೆ. ಗ್ವಾಯೂಲೆ ನಿಧಾನವಾಗಿ ಬೆಳೆದು ವರ್ಷಗಟ್ಟಲೆ ಬದುಕುವ ಪೊದೆ.

ನಮ್ಮ ರಬ್ಬರು ಮರದಲ್ಲಿ ತೊಗಟೆಯ ನಾಳಗಳಲ್ಲಿ ಹಾಲು ಹರಿಯುತ್ತದೆ. ಗೀರಿದರೆ ಚಿಪ್ಪಿಗೆ ಬೀಳುತ್ತದೆ. ಗ್ವಾಯೂಲೆಯಲ್ಲಿ ಅಂಥ ನಾಳ ಇಲ್ಲ. ಕಾಂಡ ಮತ್ತು ಬೇರಿನ ತೊಗಟೆಯ ಒಂದೊಂದು ಜೀವಕೋಶದೊಳಗೂ ರಬ್ಬರು ಬಂಧಿಯಾಗಿರುತ್ತದೆ. ಹಾಗಾಗಿ ಟ್ಯಾಪಿಂಗ್ ಸಾಧ್ಯವಿಲ್ಲ, ಗಿಡವನ್ನೇ ಕಡಿದು ಅರೆಯಬೇಕು. ಒಣತೂಕದ ಸುಮಾರು ಶೇ. 5ರಿಂದ 10ರಷ್ಟು ರಬ್ಬರು ಸಿಗುತ್ತದೆ. ಮರದ ರಬ್ಬರಿನ ಪ್ರೋಟೀನಿನಿಂದ ಅಲರ್ಜಿ ಇರುವವರಿಗೆ ಗ್ವಾಯೂಲೆ ರಬ್ಬರಿನ ಕೈಗವಸು ಒಗ್ಗುತ್ತದೆ ಎಂಬುದು ಇದರ ದೊಡ್ಡ ಗುಣ.

1942ರಲ್ಲಿ ಜಪಾನ್ ಆಗ್ನೇಯ ಏಷ್ಯಾದ ತೋಟಗಳನ್ನು ಹಿಡಿದಾಗ ಅಮೆರಿಕಕ್ಕೆ ರಬ್ಬರು ನಿಂತುಹೋಯಿತು. ಕ್ಯಾಲಿಫೋರ್ನಿಯಾದ ಸಲೀನಾಸ್ ಕೇಂದ್ರವಾಗಿ ಸರಕಾರವೇ ಸಾವಿರಾರು ಎಕರೆ ಗ್ವಾಯೂಲೆ ನೆಡಿಸಿತು. ಯುದ್ಧ ಮುಗಿದು ಮರದ ರಬ್ಬರು ಮತ್ತೆ ಬರತೊಡಗಿತು, ಕೃತಕ ರಬ್ಬರೂ ಬಂತು. ನೆಟ್ಟ ಗಿಡಗಳಲ್ಲಿ ಹೆಚ್ಚಿನವನ್ನು ಉತ್ತು, ಸುಟ್ಟು ನಾಶಮಾಡಿದರು. ಗಿಡ ಬೆಳೆದರೂ ಮಾರುಕಟ್ಟೆ ಉಳಿಯಲಿಲ್ಲ ಎಂಬುದನ್ನು ಕೃಷಿಕರು ಗಮನಿಸಬೇಕು.

ಈಗ ಬೇಸಾಯದ ವಿಷಯಕ್ಕೆ ಬರೋಣ. ಬೀಜ ಬಹಳ ಸಣ್ಣದು. ನರ್ಸರಿಯಲ್ಲಿ ಸಸಿ ಮಾಡಿ ನೆಡುವುದು ವಾಡಿಕೆ. ಸುಮಾರು ಎರಡು ವರ್ಷಕ್ಕೆ ಮೊದಲ ಕಟಾವು. ಬುಡ ಉಳಿಸಿ ಕಡಿದರೆ ಕಬ್ಬಿನ ಕೂಳೆಯ ಹಾಗೆ ಮತ್ತೆ ಚಿಗುರುತ್ತದೆ. ತವರಿನಲ್ಲಿ ಇದು ವರ್ಷಕ್ಕೆ 250ರಿಂದ 400 ಮಿಲಿಮೀಟರ್ ಮಳೆಯಲ್ಲಿ, ಸುಣ್ಣಕಲ್ಲಿನ ಇಳಿಜಾರಿನಲ್ಲಿ ಬದುಕುತ್ತದೆ. ನೀರು ಬಸಿದು ಹೋಗದ ಮಣ್ಣಿನಲ್ಲಿ ಬೇರು ಕೊಳೆಯುತ್ತದೆ. ಇನ್ನೊಂದು ಮಾತು: ಚಳಿಯ ರಾತ್ರಿ ಮತ್ತು ಒಣಹವೆಯೇ ಗಿಡಕ್ಕೆ ರಬ್ಬರು ಕೂಡಿಡುವ ಸೂಚನೆ. ಬೆಳವಣಿಗೆ ನಿಂತಾಗ ರಬ್ಬರು ಹೆಚ್ಚುತ್ತದೆ.

ಕಾಸರಗೋಡಿನಲ್ಲಿ ಬೀಳುವುದು 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಣ್ಣು ಹುಳಿ. ಧನುರ್ಮಾಸದಲ್ಲೂ ಮರುಭೂಮಿಯಂಥ ಚಳಿ ಇಲ್ಲ. ಆಟಿಯ ಮಳೆ ದಾಟಿ ಗಿಡ ಉಳಿದರೂ ಅದರೊಳಗೆ ರಬ್ಬರು ತುಂಬುವ ಕಾಲವೇ ಇಲ್ಲಿ ಬರುವುದಿಲ್ಲ. ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ಅಡಿಕೆ, ರಬ್ಬರು ತೆಗೆದು ಇದನ್ನು ಇಡುವ ಯೋಚನೆ ಬೇಡ. ಪ್ರಯೋಗ ಮಾಡುವುದಿದ್ದರೆ ಅದು ಚಿತ್ರದುರ್ಗ, ವಿಜಯಪುರದಂಥ ಒಣಸೀಮೆಯಲ್ಲಿ, ಸಂಶೋಧನಾ ಸಂಸ್ಥೆಗಳ ಹೊಣೆಯಲ್ಲಿ ನಡೆಯಲಿ.

ಹಾಗಾದರೆ ಇದನ್ನು ತಿಳಿದು ನಮಗೇನು? ಲೋಕದ ಸಹಜ ರಬ್ಬರೆಲ್ಲ ಹೆಚ್ಚುಕಡಿಮೆ ಒಂದೇ ಜಾತಿಯ ಮರದಿಂದ ಬರುತ್ತದೆ. ದಕ್ಷಿಣ ಅಮೆರಿಕದ ಎಲೆ ಅಂಗಮಾರಿ ರೋಗ ಬ್ರೆಜಿಲಿನಲ್ಲಿ ದೊಡ್ಡ ತೋಟಗಳನ್ನೇ ಕೆಡಿಸಿದೆ. ಅದು ಏಷ್ಯಾಕ್ಕೆ ಬಂದರೆ ನಮ್ಮ ಗುಡ್ಡೆಗಳೂ ಉಳಿಯಲಿಕ್ಕಿಲ್ಲ. ಆ ದಿನಕ್ಕಾಗಿ ಎರಡನೆಯ ಗಿಡವೊಂದು ಎಲ್ಲೋ ಸಿದ್ಧವಿರಬೇಕು.

ಕೊನೆಗೆ ಒಂದು ಎಚ್ಚರಿಕೆ. ಕಡಿದ ಗ್ವಾಯೂಲೆ ಒಣಗಿ ಬಿದ್ದಿದ್ದರೆ ರಬ್ಬರಿನ ಗುಣ ಕೆಡುತ್ತದೆ, ಬೇಗ ಅರೆಯಬೇಕು. ಹಾಗಾಗಿ ಯಾರಾದರೂ ಸಸಿ ಮಾರಲು ಬಂದರೆ ಇಳುವರಿ ಎಷ್ಟು ಅಂತ ಕೇಳುವ ಮೊದಲು, ಅರೆಯುವ ಕಾರ್ಖಾನೆ ಎಲ್ಲಿದೆ ಅಂತ ಕೇಳಿ. ಉತ್ತರ ಇಲ್ಲದಿದ್ದರೆ ದುಡ್ಡು ಕೊಡಬೇಡಿ.