ಛಾವಣಿ ಹತ್ತುವ ಮೊದಲು ಪಿನ್ ಬಿಚ್ಚಿ ನೋಡಿ

ಡಿಜಿಟಲ್ ಟಿವಿಯಲ್ಲಿ ಮಸುಕು ಚಿತ್ರ ಎಂಬುದೇ ಇಲ್ಲ. ಬಂದರೆ ಸ್ವಚ್ಛವಾಗಿ ಬರುತ್ತದೆ. ಸಿಗ್ನಲ್ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ, ದನಿ ತುಂಡುತುಂಡಾಗುತ್ತದೆ, ಇನ್ನೂ ತುಸು ಇಳಿದರೆ ಪರದೆ ಖಾಲಿ. ಹಾಗಾಗಿ ನಿನ್ನೆಯವರೆಗೆ ಚೆನ್ನಾಗಿದ್ದ ಟಿವಿ ಇವತ್ತು ಪೂರ್ತಿ ಕೈಕೊಟ್ಟಿತೆಂದರೆ ದೊಡ್ಡದೇನೋ ಕೆಟ್ಟಿದೆ ಎಂದೇ ಅರ್ಥವಲ್ಲ. ಮೊದಲಿನಿಂದಲೂ ಅಂಚಿನಲ್ಲೇ ಇದ್ದ ಸಿಗ್ನಲ್ ಚೂರು ಜಾರಿರಬಹುದು, ಅಷ್ಟೆ.

ನಮ್ಮಲ್ಲಿ ಕೇಬಲ್ಲು, ಡಿಶ್ಶು ಬಂದ ಮೇಲೆ ತಾರಸಿಯ ಆಂಟೆನಾ ಗುಜರಿಗೆ ಹೋಯಿತು. ಬ್ರಿಟನ್ನಿನಲ್ಲಿ ಹಾಗಾಗಲಿಲ್ಲ. ಅಲ್ಲಿ 2007ರಲ್ಲಿ ಶುರುವಾಗಿ 2012ರ ಅಕ್ಟೋಬರಿನಲ್ಲಿ ಮುಗಿದ ಬದಲಾವಣೆಯಲ್ಲಿ ಹಳೆಯ ಅನಲಾಗ್ ಪ್ರಸಾರ ಪೂರ್ತಿ ನಿಂತು, ಅದೇ ಆಂಟೆನಾಗಳಿಗೆ ಡಿಜಿಟಲ್ ಪ್ರಸಾರ ಮಾತ್ರ ಬರತೊಡಗಿತು. ಫ್ರೀವ್ಯೂ ಎಂಬ ಹೆಸರಿನ ಈ ಸೇವೆಗೆ ತಿಂಗಳ ಬಾಡಿಗೆ ಇಲ್ಲ, ಟಿವಿ ಲೈಸೆನ್ಸ್ ಇದ್ದರೆ ಸಾಕು. ಅಲ್ಲಿ ಮನೆ ಮಾಡಿದ ಕನ್ನಡಿಗರ ಛಾವಣಿಯ ಮೇಲೂ ಈ ಆಂಟೆನಾ ಇರುತ್ತದೆ. ಕನ್ನಡ ಚಾನೆಲ್ ಮಾತ್ರ ಇದರಲ್ಲಿ ಬರುವುದಿಲ್ಲ, ಅದಕ್ಕೆ ಇಂಟರ್ನೆಟ್ಟೇ ಗತಿ.

ದೂರದರ್ಶನದ ಕಾಲದಲ್ಲಿ ಒಬ್ಬರು ತಾರಸಿಯ ಮೇಲೆ ಕೊಳವೆ ತಿರುಗಿಸುತ್ತ, ಇನ್ನೊಬ್ಬರು ಕೆಳಗಿನಿಂದ ‘ಬಂತು, ಬಂತು, ಅಯ್ಯೋ ಹೋಯ್ತು’ ಎಂದು ಕೂಗುತ್ತ ಆಂಟೆನಾ ಸರಿಮಾಡುತ್ತಿದ್ದ ವಿಧಾನ ಡಿಜಿಟಲ್ ಟಿವಿಗೆ ನಡೆಯುವುದಿಲ್ಲ. ಆಗ ಚುಕ್ಕಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಚಿತ್ರವೇ ಹೇಳುತ್ತಿತ್ತು. ಈಗ ಟಿವಿ ಸಿಗ್ನಲ್ ಹಿಡಿದು ಚಿತ್ರ ಬಿಡಿಸಲು ಕೆಲವು ಸೆಕೆಂಡು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಮೇಲಿದ್ದವರು ಸರಿಯಾದ ದಿಕ್ಕನ್ನು ದಾಟಿ ಹೋಗಿರುತ್ತಾರೆ.

ನೋಡಬೇಕಾದದ್ದು ಟಿವಿಯ ಸೆಟ್ಟಿಂಗ್ಸ್ ಒಳಗಿರುವ ಎರಡು ಪಟ್ಟಿಗಳನ್ನು: ಸಿಗ್ನಲ್ ಸ್ಟ್ರೆಂತ್ ಮತ್ತು ಸಿಗ್ನಲ್ ಕ್ವಾಲಿಟಿ. ಇವೆರಡೂ ಬೇರೆಬೇರೆ. ಸಂತೆಯಲ್ಲಿ ಒಬ್ಬ ಎಷ್ಟು ಗಟ್ಟಿಯಾಗಿ ಕೂಗುತ್ತಿದ್ದಾನೆ ಎಂಬುದು ಸ್ಟ್ರೆಂತ್, ಅವನ ಮಾತು ನಮಗೆ ಎಷ್ಟು ಅರ್ಥವಾಗುತ್ತಿದೆ ಎಂಬುದು ಕ್ವಾಲಿಟಿ. ಎರಡೂ ಕಡಿಮೆ ಇದ್ದರೆ ಕೇಬಲ್ ಅಥವಾ ಆಂಟೆನಾ ಕಡೆ ಅನುಮಾನ ಪಡಬೇಕು. ಸ್ಟ್ರೆಂತ್ ತುಂಬಿ ತುಳುಕುತ್ತಿದ್ದು ಕ್ವಾಲಿಟಿ ಬಿದ್ದಿದ್ದರೆ ಸಿಗ್ನಲ್ ಅತಿಯಾಗಿದೆ, ಇಲ್ಲವೇ ಬೇರೇನೋ ಅಡ್ಡ ಬರುತ್ತಿದೆ.

ಹುಡುಕಾಟವನ್ನು ಟಿವಿಯ ಬೆನ್ನಿಂದ ಶುರುಮಾಡಿ ಮೇಲಕ್ಕೆ ಹೋಗುವುದು ಒಳ್ಳೆಯದು. ಜನ ಮಾಡುವುದು ಇದಕ್ಕೆ ಉಲ್ಟಾ. ಮೊದಲು ಸಿಗ್ನಲ್ ಹಿಗ್ಗಿಸುವ ಬೂಸ್ಟರ್ ಕೊಳ್ಳುತ್ತಾರೆ, ಆಮೇಲೆ ಹೊಸ ಆಂಟೆನಾ, ಕೇಬಲ್ಲು ಟಿವಿಗೆ ಸೇರುವ ಪಿನ್ ನೋಡುವುದು ಕೊನೆಗೆ. ಆ ಪಿನ್ನನ್ನು ಬಿಚ್ಚಿ ನೋಡಿ. ಕೇಬಲ್ಲಿನ ನಡುವೆ ಒಂದು ತಾಮ್ರದ ತಂತಿ, ಅದರ ಸುತ್ತ ಬಿಳಿ ಫೋಮ್, ಫೋಮಿನ ಮೇಲೆ ಕೂದಲೆಳೆಯಂಥ ತಂತಿಗಳ ಜಾಲರಿ, ಎಲ್ಲಕ್ಕೂ ಮೇಲೆ ಪ್ಲಾಸ್ಟಿಕ್ ಸಿಪ್ಪೆ. ಜಾಲರಿಯ ಒಂದೇ ಒಂದು ಎಳೆ ಬಾಗಿ ನಡುವಿನ ತಂತಿಗೆ ತಗುಲಿದರೂ ಶಾರ್ಟ್ ಆಗಿ ಸಿಗ್ನಲ್ ಅಲ್ಲಿಗೇ ಮುಗಿಯಿತು. ತಾಮ್ರ ಹೊಳೆಯುತ್ತಿರಬೇಕು. ಕಪ್ಪಾಗಿದ್ದರೆ, ಹಸಿರು ಕಿಲುಬು ಕಟ್ಟಿದ್ದರೆ ಮೇಲೆಲ್ಲೋ ಸಿಪ್ಪೆ ಸೀಳಿ ಮಳೆನೀರು ಕೇಬಲ್ಲಿನೊಳಗೆ ಇಳಿದಿದೆ ಎಂದರ್ಥ. ಕೆಲವೊಮ್ಮೆ ಪಿನ್ನಿನಿಂದಲೇ ನೀರು ತೊಟ್ಟಿಕ್ಕುವುದುಂಟು. ಅಂಥ ಕೇಬಲ್ಲನ್ನು ಒಣಗಿಸಿ ಪ್ರಯೋಜನವಿಲ್ಲ, ಬದಲಿಸಿಯೇ ತೀರಬೇಕು.

ಒಳ್ಳೆಯ ಕೇಬಲ್ ಕೂಡ ಸುಮಾರು 15ರಿಂದ 20 ಮೀಟರಿಗೆ ಅರ್ಧದಷ್ಟು ಸಿಗ್ನಲ್ ತಿನ್ನುತ್ತದೆ. ಎರಡು ಟಿವಿಗಳಿಗೆ ಹಂಚುವ ಸ್ಪ್ಲಿಟರ್ ಉಳಿದದ್ದರಲ್ಲಿ ಮತ್ತೆ ಅರ್ಧ ಕಳೆಯುತ್ತದೆ. ಮಲಗುವ ಕೋಣೆಗೆಂದು ಹಾಕಿದ ಸ್ಪ್ಲಿಟರ್ ತೆಗೆದು ನೋಡಿದಾಗ ಹಾಲಿನ ಟಿವಿ ಸರಿಹೋದರೆ ಕಾರಣ ಸಿಕ್ಕಿತು. ಆಂಟೆನಾ ಬುಡದಲ್ಲೇ ಬೂಸ್ಟರ್ ಇರುವ ಮನೆಗಳಲ್ಲಿ ಇನ್ನೊಂದು ತಮಾಷೆ ಇದೆ. ಆ ಬೂಸ್ಟರಿಗೆ ಕರೆಂಟು ಹೋಗುವುದು ಸೋಫಾ ಹಿಂದೆಯೋ ಅಟ್ಟದ ಮೇಲೆಯೋ ಇರುವ ಸಣ್ಣ ಅಡಾಪ್ಟರಿನಿಂದ. ಕಸ ಹೊಡೆಯುವಾಗ ಯಾರೋ ಅದರ ಸ್ವಿಚ್ ಆರಿಸಿರುತ್ತಾರೆ.

ಬೂಸ್ಟರ್ ಬಗ್ಗೆ ನನ್ನ ಅಭಿಪ್ರಾಯ ಕಟು. ಹತ್ತರಲ್ಲಿ ಎಂಟು ಮನೆಗೆ ಅದು ಬೇಡ ಎಂದೇ ಹೇಳುತ್ತೇನೆ. ಸಿಗ್ನಲ್ಲಿನ ಜೊತೆ ಗದ್ದಲವನ್ನೂ ಅದು ಹಿಗ್ಗಿಸುತ್ತದೆ. ಹಾಕಲೇಬೇಕಾದರೆ ಆಂಟೆನಾ ಪಕ್ಕದಲ್ಲಿ, ಕೇಬಲ್ ತಿನ್ನುವ ಮೊದಲೇ ಹಾಕಬೇಕು. ಟಿವಿ ಪಕ್ಕದಲ್ಲಿ ಹಾಕಿದರೆ ಅಷ್ಟರಲ್ಲಾಗಲೇ ಕೆಟ್ಟಿದ್ದನ್ನು ದೊಡ್ಡದು ಮಾಡಿದಂತಾಗುತ್ತದೆ. ಸಿಗ್ನಲ್ ಮೊದಲೇ ಜೋರಾಗಿರುವ ಕಡೆ ಅದರಿಂದ ಕೇಡೇ ಹೆಚ್ಚು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಟಿವಿ ಗೋಪುರದ ಎತ್ತರ 219 ಮೀಟರ್, ಪ್ರಸಾರ ಶಕ್ತಿ 200 ಕಿಲೋವ್ಯಾಟ್. ಅದರ ನೆರೆಯ ಮನೆಗಳಲ್ಲಿ ಬೂಸ್ಟರ್ ಇದ್ದರೆ ಟಿವಿ ಸಿಗ್ನಲ್ಲನ್ನು ತಾಳಲಾರದೆ ಚಿತ್ರ ಕಳೆದುಕೊಳ್ಳುತ್ತದೆ. ಅಲ್ಲಿ ಬೇಕಾದದ್ದು ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್ ಎಂಬ ಪುಟ್ಟ ತುಂಡು. ಇದರ ಮೇಲೆ ಮೊಬೈಲ್ ಕಾಟ ಬೇರೆ. ಒಂದು ಕಾಲಕ್ಕೆ ಟಿವಿಯದ್ದಾಗಿದ್ದ 800 ಮೆಗಾಹರ್ಟ್ಸ್ ಪಟ್ಟಿ 4ಜಿಗೆ ಹೋಯಿತು. 700ರ ಪಟ್ಟಿಯನ್ನೂ 2020ರ ಹೊತ್ತಿಗೆ ಮೊಬೈಲಿಗಾಗಿ ಖಾಲಿ ಮಾಡಲಾಯಿತು. ಈಗ ಟಿವಿಗೆ ಉಳಿದಿರುವುದು 470ರಿಂದ 694ರವರೆಗೆ. ಹಳೆಯ ಬೂಸ್ಟರಿಗೆ ಈ ಸುದ್ದಿ ತಿಳಿಯದು, ಪಕ್ಕದ ಮೊಬೈಲ್ ಟವರಿನ ಅಲೆಗಳನ್ನೂ ಹಿಗ್ಗಿಸಿ ಟಿವಿಗೆ ತುರುಕುತ್ತದೆ. ಅವುಗಳನ್ನು ತಡೆಯುವ ಫಿಲ್ಟರನ್ನು ಬೂಸ್ಟರಿಗಿಂತ ಮೊದಲು ಜೋಡಿಸಬೇಕು.

ಇಷ್ಟೆಲ್ಲ ಆದ ಮೇಲೆ ಆಂಟೆನಾ. ಛಾವಣಿಯ ಮೇಲೆ ಕಾಣುವ ಮೀನಿನ ಮುಳ್ಳಿನಾಕಾರದ ಆಂಟೆನಾಕ್ಕೆ ಯಾಗಿ ಎಂದು ಹೆಸರು. ಜಪಾನಿನ ಸೆಂಡೈ ನಗರದ ವಿಶ್ವವಿದ್ಯಾಲಯದಲ್ಲಿದ್ದ ಹಿಡೆಟ್ಸುಗು ಯಾಗಿ ಮತ್ತು ಶಿಂಟಾರೊ ಉಡಾ 1926ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ದುಡಿದವರು ಹೆಚ್ಚಾಗಿ ಉಡಾ, ಹೆಸರು ಉಳಿದದ್ದು ಯಾಗಿಯದು. ಅದರಲ್ಲಿ ಕೇಬಲ್ ಸೇರುವ ಕಡ್ಡಿ ಒಂದೇ. ಅದರ ಹಿಂದಿನದು ಅಲೆಗಳನ್ನು ಮುಂದಕ್ಕೆ ತಳ್ಳುತ್ತದೆ, ಮುಂದಿನ ಸಣ್ಣ ಕಡ್ಡಿಗಳ ಸಾಲು ಅಲೆಗಳನ್ನು ಸೆಳೆದು ತರುತ್ತದೆ. ಸಣ್ಣ ಕಡ್ಡಿಗಳ ತುದಿ ಗೋಪುರದ ಕಡೆ ಇರಬೇಕು. ಕಡ್ಡಿಗಳು ನೆಲಕ್ಕೆ ಸಮನಾಗಿ ಮಲಗಿರಬೇಕೋ ನೆಟ್ಟಗೆ ನಿಂತಿರಬೇಕೋ ಎಂಬುದೂ ಮುಖ್ಯ: ದೊಡ್ಡ ಗೋಪುರಗಳಿಗೆ ಸಾಮಾನ್ಯವಾಗಿ ಮಲಗಿದ್ದು, ಕಣಿವೆ-ಮೂಲೆಗಳಿಗೆ ಮರುಪ್ರಸಾರ ಮಾಡುವ ಸಣ್ಣ ಗೋಪುರಗಳಿಗೆ ಬಹುಮಟ್ಟಿಗೆ ನಿಂತಿದ್ದು. ಅಕ್ಕಪಕ್ಕದ ಛಾವಣಿಗಳನ್ನು ರಸ್ತೆಯಲ್ಲಿ ನಿಂತು ನೋಡಿದರೆ ದಿಕ್ಕೂ ಭಂಗಿಯೂ ತಿಳಿಯುತ್ತದೆ. ಇಳಿಜಾರು ಹೆಂಚಿನ ಮೇಲೆ ನಾವೇ ಹತ್ತುವುದು ಬೇಡ, ಅದಕ್ಕೆ ಏಣಿ, ಹಗ್ಗ, ಮೀಟರ್ ಇಟ್ಟುಕೊಂಡ ಕೆಲಸಗಾರರಿದ್ದಾರೆ.

ತಪ್ಪು ನಮ್ಮ ಮನೆಯದೇ ಆಗಿರಬೇಕಿಲ್ಲ. 2021ರ ಆಗಸ್ಟ್ 10ರಂದು ಉತ್ತರ ಯಾರ್ಕ್‌ಶೈರಿನ ಬಿಲ್ಸ್‌ಡೇಲ್ ಗೋಪುರಕ್ಕೆ ಬೆಂಕಿ ಬಿದ್ದು ಲಕ್ಷಾಂತರ ಮನೆಗಳ ಟಿವಿ ನಿಂತುಹೋಯಿತು. ಪಕ್ಕದ ಮನೆಯಲ್ಲಿ ಬರುತ್ತಿದೆಯೇ ಎಂದು ಕೇಳುವುದಕ್ಕೆ ಖರ್ಚೇನಿಲ್ಲ.

ಇನ್ನು ಹವೆಯ ವಿಷಯ. ಮೋಡವಿಲ್ಲದ, ಗಾಳಿಯಿಲ್ಲದ ಅಧಿಕ ಒತ್ತಡದ ದಿನಗಳಲ್ಲಿ ದೂರದ ಗೋಪುರಗಳ ಅಲೆಗಳು ವಾತಾವರಣದಲ್ಲಿ ಬಾಗಿ, ತಾವು ತಲುಪಬಾರದ ಊರಿಗೆ ಬಂದು ಅಲ್ಲಿನ ಸಿಗ್ನಲ್ಲಿಗೆ ಅಡ್ಡಬೀಳುತ್ತವೆ. ಆಕಾಶ ಇಷ್ಟು ತಿಳಿಯಾಗಿರುವಾಗ ಟಿವಿ ಯಾಕೆ ಕೆಟ್ಟಿತೆಂದು ತಲೆ ಕೆರೆದುಕೊಂಡು ಜನ ರೀಟ್ಯೂನ್ ಒತ್ತುತ್ತಾರೆ. ಟಿವಿ ಚಾನೆಲ್ಲುಗಳ ಹಳೆಯ ಪಟ್ಟಿ ಅಳಿಸಿ ಹೊಸದಾಗಿ ಹುಡುಕುತ್ತದೆ, ಆ ಹೊತ್ತಿಗೆ ಸಿಗದ ಚಾನೆಲ್ಲುಗಳನ್ನು ಕೈಬಿಡುತ್ತದೆ, ದೂರದ ಊರಿನವು ಸಿಕ್ಕರೆ ಅವನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಹವೆ ಬದಲಾಗಿ ಸಿಗ್ನಲ್ ಮರಳಿದರೂ ಮನೆಯ ಚಾನೆಲ್ಲುಗಳು ಪಟ್ಟಿಯಲ್ಲಿರುವುದಿಲ್ಲ. ಇಂಥ ದಿನ ರಿಮೋಟ್ ಪಕ್ಕಕ್ಕಿಟ್ಟು ಸುಮ್ಮನಿದ್ದರೆ ಸಾಕು, ಹವೆ ಬದಲಾದಾಗ ತಾನಾಗಿಯೇ ಸರಿಹೋಗುತ್ತದೆ.