ವೇಗಮಿತಿಯ ಫಲಕಗಳೂ ಸರಕು ವಾಹನ ಮಾಲೀಕರ ಹೊಣೆಯೂ

ನಮ್ಮ ಸದಸ್ಯರೊಬ್ಬರ ವಾರ್ಷಿಕ ಲೆಕ್ಕಪರಿಶೋಧನೆಯ ಸಂದರ್ಭದಲ್ಲಿ ‘ಲಾರಿ ದುರಸ್ತಿ ಮತ್ತು ಇತರೆ’ ಎಂಬ ಖಾತೆಯಡಿ ಹನ್ನೊಂದು ದಂಡದ ರಸೀದಿಗಳು ಕಣ್ಣಿಗೆ ಬಿದ್ದವು. ಎಲ್ಲವೂ ಅತಿವೇಗದ ಚಾಲನೆಗೆ ಸಂಬಂಧಿಸಿದವು. ತಲಾ 2,000 ರೂಪಾಯಿಯಂತೆ ಒಟ್ಟು 22,000. ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಾರಕ್ಕೆರಡು ಬಾರಿ ಸರಕು ಸಾಗಿಸುವ ಅನುಭವಿ ಚಾಲಕನನ್ನು ಕರೆಸಿ ವಿಚಾರಿಸಿದಾಗ ಆತ ಹೇಳಿದ್ದು ಇಷ್ಟು: “ಒಂದ ಕಡೆ ಎಂಬತ್ತ ಅಂತಾರ ಮಾಲಕ್ರ, ಎರಡ ಕಿಲೋಮೀಟರ್ ಹೋದ್ರ ನಲವತ್ತ ಅಂತಾರ. ಆ ನಲವತ್ತ ಎಲ್ಲಿಗೆ ಮುಗೀತು ಅಂತ ಯಾರೂ ಬರದಿರಂಗಿಲ್ಲ. ನಾ ಬೋರ್ಡ್ ನೋಡ್ಲೋ, ರೋಡ್ ನೋಡ್ಲೋ?”

ಈ ಬೇಸರವನ್ನು ತಳ್ಳಿಹಾಕುವಂತಿಲ್ಲ. ಒಂದೇ ರಸ್ತೆಯಲ್ಲಿ ವೇಗಮಿತಿ ಹೀಗೆ ಬದಲಾಗಲು ಕಾರಣವೇನೆಂಬುದನ್ನು ಮೊದಲು ತಿಳಿಯುವುದು ಉಚಿತ.

ಕೇಂದ್ರ ಸರ್ಕಾರವು ವಾಹನದ ವರ್ಗ ಹಾಗೂ ರಸ್ತೆಯ ಸ್ವರೂಪಗಳನ್ನು ಅನುಸರಿಸಿ ಗರಿಷ್ಠ ಮಿತಿಯನ್ನು ಗೊತ್ತುಪಡಿಸುತ್ತದೆ. 2018ರ ಏಪ್ರಿಲ್ ತಿಂಗಳ ಅಧಿಸೂಚನೆಯು ಸರಕು ವಾಹನಗಳಿಗೆ ವಿಭಜಕವುಳ್ಳ ಚತುಷ್ಪಥ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ., ನಗರ ವ್ಯಾಪ್ತಿಯಲ್ಲಿಯೂ ಇತರ ರಸ್ತೆಗಳಲ್ಲಿಯೂ 60 ಕಿ.ಮೀ. ಎಂದು ನಿಗದಿಪಡಿಸಿತು. ಅದೇ ಚತುಷ್ಪಥದಲ್ಲಿ ಕಾರುಗಳಿಗೆ 100. ಆದುದರಿಂದ ‘100’ ಎಂಬ ಫಲಕ ಕಂಡ ಮಾತ್ರಕ್ಕೆ ಅದು ಲಾರಿಗೂ ಅನ್ವಯಿಸುತ್ತದೆಂದು ಭಾವಿಸುವುದು ತಪ್ಪು. ಈ ಮಿತಿಗಿಂತ ಕೆಳಗೆ, ಸಾರ್ವಜನಿಕ ಸುರಕ್ಷತೆ ಅಥವಾ ರಸ್ತೆ, ಸೇತುವೆಗಳ ಸ್ಥಿತಿಯ ದೃಷ್ಟಿಯಿಂದ, 1988ರ ಮೋಟಾರು ವಾಹನ ಕಾಯ್ದೆಯ 112ನೇ ಕಲಮಿನ ಮೇರೆಗೆ ರಾಜ್ಯ ಸರ್ಕಾರವಾಗಲಿ ಅದು ಅಧಿಕಾರ ನೀಡಿದ ಪ್ರಾಧಿಕಾರವಾಗಲಿ ಸ್ಥಳೀಯ ಮಿತಿ ವಿಧಿಸಬಹುದು. ಇದಕ್ಕೆ ರಾಜ್ಯಪತ್ರದಲ್ಲಿ ಅಧಿಸೂಚನೆ ಬೇಕು. ತಕ್ಕ ಸ್ಥಳದಲ್ಲಿ ಫಲಕವೂ ಬೇಕು. ಆದರೆ ನಿರ್ಬಂಧವು ಒಂದು ತಿಂಗಳನ್ನು ಮೀರದಿದ್ದರೆ ಅಧಿಸೂಚನೆಯ ಅಗತ್ಯವಿಲ್ಲ. ಮೇಲ್ಸೇತುವೆಯ ಕಾಮಗಾರಿ ನಡೆಯುವಲ್ಲೆಲ್ಲ ನಿನ್ನೆ ಇಲ್ಲದ ಫಲಕ ಇಂದು ಕಾಣಿಸಿಕೊಳ್ಳುವುದು ಹೀಗೆ.

ವಾಣಿಜ್ಯ ವಾಹನಗಳಿಗೆ ವೇಗ ನಿಯಂತ್ರಕ ಅಳವಡಿಸಿದೆಯಲ್ಲ ಎಂದು ಕೆಲವರು ಸಮಾಧಾನಪಡುತ್ತಾರೆ. ಅದು ವಾಹನವನ್ನು 80ರಲ್ಲಿ ತಡೆಯುತ್ತದೆ. 40ರ ಊರೊಳಗೆ 65ರಲ್ಲಿ ಓಡುವುದನ್ನು ತಡೆಯುವುದಿಲ್ಲ.

ಈಗ ವರ್ತಕ ಬಾಂಧವರು ವಿಶೇಷವಾಗಿ ಗಮನಿಸಬೇಕಾದ ಅಂಶಕ್ಕೆ ಬರುತ್ತೇನೆ. ಅತಿವೇಗವು ಚಾಲಕನ ಅಪರಾಧವೆಂದೇ ನಮ್ಮಲ್ಲಿ ಹೆಚ್ಚಿನವರ ತಿಳಿವಳಿಕೆ. 183ನೇ ಕಲಮು ಹಾಗೆ ಹೇಳುವುದಿಲ್ಲ. 2019ರ ತಿದ್ದುಪಡಿಯ ನಂತರ, ಮಿತಿ ಮೀರಿ ಚಲಾಯಿಸಿದವನಂತೆಯೇ ತನ್ನ ನೌಕರನಿಂದ ಹಾಗೆ ಚಲಾಯಿಸಿದವನೂ ದಂಡಕ್ಕೆ ಗುರಿಯಾಗುತ್ತಾನೆ: ಲಘು ವಾಹನಕ್ಕೆ 1,000ದಿಂದ 2,000 ರೂ., ಮಧ್ಯಮ ಹಾಗೂ ಭಾರಿ ವಾಹನಕ್ಕೆ 2,000ದಿಂದ 4,000 ರೂ. ಎರಡನೆಯ ಬಾರಿಗೆ ಚಾಲನಾ ಪರವಾನಗಿಯ ಜಪ್ತಿ. ಇಷ್ಟೇ ಅಲ್ಲ. ಇಂತಿಷ್ಟು ಸಮಯದೊಳಗೆ ಪ್ರಯಾಣ ಮುಗಿಸಬೇಕೆಂದು ನೀಡಿದ ಸೂಚನೆಯನ್ನು ವೇಗಮಿತಿ ಮೀರದೆ ಪಾಲಿಸುವುದು ಕಾರ್ಯಸಾಧ್ಯವಲ್ಲವೆಂದು ನ್ಯಾಯಾಲಯಕ್ಕೆ ಕಂಡುಬಂದರೆ, ಆ ಸೂಚನೆಯೇ ಅದನ್ನು ಕೊಟ್ಟವರ ವಿರುದ್ಧ ಮೇಲ್ನೋಟದ ಸಾಕ್ಷ್ಯವಾಗುತ್ತದೆ.

ಮೇಲೆ ಹೇಳಿದ ಸದಸ್ಯರ ರವಾನೆ ಚೀಟಿಯನ್ನು ತೆಗೆಸಿ ನೋಡಿದೆ. ರಾತ್ರಿ 10ಕ್ಕೆ ಹೊರಟು ಬೆಳಗಿನ 4ಕ್ಕೆ ತಲುಪತಕ್ಕದ್ದು ಎಂದು ಮುದ್ರಿತವಾಗಿತ್ತು. ಕೆಳಗೆ ವ್ಯವಸ್ಥಾಪಕರ ಸಹಿ. ದೂರ ಸುಮಾರು 410 ಕಿ.ಮೀ., ಅವಧಿ 6 ಗಂಟೆ, ಅಂದರೆ ಸರಾಸರಿ 68 ಕಿ.ಮೀ. ಟೋಲ್ ಗೇಟು, ಚಹಾ, ಡೀಸೆಲ್, ಹಾವೇರಿ ದಾಟಿ ತುಮಕೂರಿನವರೆಗೆ ಸಿಗುವ ನಿರ್ಬಂಧಿತ ಭಾಗಗಳು, ಎಲ್ಲವನ್ನೂ ಕಳೆದರೆ ಗರಿಷ್ಠ 80ರ ಲಾರಿ ಈ ಸರಾಸರಿಯನ್ನು ಸಾಧಿಸಲಾರದು. ಸದಸ್ಯರದೂ ಒಂದು ಕಷ್ಟವಿದೆ: ಬೆಂಗಳೂರಿನಲ್ಲಿ ಬೆಳಗಿನ ದಟ್ಟಣೆಯ ವೇಳೆ ಭಾರಿ ಸರಕು ವಾಹನಗಳಿಗೆ ಪ್ರವೇಶವಿಲ್ಲ. ಪರಿಹಾರವೆಂದರೆ ಮುಂಚೆ ಹೊರಡಿಸುವುದು. 5 ಕಿ.ಮೀ. ಅಂತರವನ್ನು 80ರ ಬದಲು 40ರಲ್ಲಿ ಕ್ರಮಿಸಿದರೆ ನಷ್ಟವಾಗುವುದು 3 ನಿಮಿಷ 45 ಸೆಕೆಂಡು. ಅಂಥ ಹತ್ತು ಭಾಗಗಳಿದ್ದರೂ 40 ನಿಮಿಷದೊಳಗೆ. ಸಂಜೆ ಲೋಡಿಂಗ್‌ನಲ್ಲಿ ನಾವು ಕಳೆಯುವ ಸಮಯ ಇದಕ್ಕಿಂತ ಹೆಚ್ಚೆಂಬುದು ಎಲ್ಲರಿಗೂ ತಿಳಿದದ್ದೇ.

ಲೆಕ್ಕಪತ್ರದ ವಿಚಾರ. ಕಾನೂನು ಉಲ್ಲಂಘನೆಗೆ ತೆತ್ತ ದಂಡವು ವ್ಯವಹಾರದ ವೆಚ್ಚವಲ್ಲವೆಂದು 1961ರ ಆದಾಯ ತೆರಿಗೆ ಕಾಯ್ದೆಯ 37(1)ನೇ ಕಲಮಿನ ವಿವರಣೆ ಸ್ಪಷ್ಟಪಡಿಸಿತ್ತು; 2025ರ ಹೊಸ ಕಾಯ್ದೆಯೂ ಅದೇ ತತ್ವವನ್ನು ಉಳಿಸಿಕೊಂಡಿದೆ. ‘ದುರಸ್ತಿ’ ಎಂದು ಹೆಸರಿಟ್ಟರೆ ದಂಡ ದುರಸ್ತಿಯಾಗುವುದಿಲ್ಲ. 2023ರ ಫೆಬ್ರವರಿಯಲ್ಲಿಯೂ 2025ರಲ್ಲಿಯೂ ರಾಜ್ಯ ಸರ್ಕಾರ ಬಾಕಿ ದಂಡಕ್ಕೆ ಶೇ. 50ರ ರಿಯಾಯಿತಿ ನೀಡಿದಾಗ ಪಾವತಿಸಿದ ಅರ್ಧ ಮೊತ್ತಕ್ಕೂ ಇದೇ ನಿಯಮ. ಚಾಲಕನ ಸಂಬಳದಲ್ಲಿ ಮುರಿದುಕೊಂಡರಾಯಿತೆನ್ನುವವರಿಗೆ ಒಂದು ಮಾತು: ವೇತನ ಕಾನೂನು ಮಾಲೀಕರ ಇಚ್ಛೆಯಂತೆ ಕಡಿತಕ್ಕೆ ಅವಕಾಶ ಕೊಡುವುದಿಲ್ಲ.

ಹಾಗೆಂದು ಬಂದ ಚಲನ್‌ಗಳನ್ನೆಲ್ಲ ಕಣ್ಣುಮುಚ್ಚಿ ಪಾವತಿಸಬೇಕಾಗಿಲ್ಲ. ಕ್ಯಾಮೆರಾ ಕಣ್ಗಾವಲಿಗಾಗಿ 2021ರ ಆಗಸ್ಟ್‌ನಲ್ಲಿ ಬಂದ 167ಎ ನಿಯಮವು ಉಪಕರಣಕ್ಕೆ ಪ್ರತಿ ವರ್ಷ ನವೀಕರಿಸಿದ ಅನುಮೋದನಾ ಪತ್ರವಿರಬೇಕು, ಕಣ್ಗಾವಲಿರುವ ಭಾಗದಲ್ಲಿ ಎಚ್ಚರಿಕೆಯ ಫಲಕವಿರಬೇಕು, ಚಲನ್‌ನಲ್ಲಿ ಛಾಯಾಚಿತ್ರ, ಅಳತೆ, ಸ್ಥಳ, ವೇಳೆ ಇರಬೇಕೆಂದು ವಿಧಿಸಿತು. ಚಲನ್ ಬಂದೊಡನೆ ವಾಹನದ ವರ್ಗ ಸರಿಯಾಗಿದೆಯೇ, ಆ ಸ್ಥಳದಲ್ಲಿ ಫಲಕವಿತ್ತೇ, ಮಿತಿಗೆ ಅಧಿಸೂಚನೆಯ ಆಧಾರವಿದೆಯೇ ಎಂದು ಪರಿಶೀಲಿಸಿರಿ. ದಂಡ ಕಟ್ಟಿಬಿಟ್ಟ ಮೇಲೆ ತಕರಾರಿಗೆ ಅವಕಾಶ ಉಳಿಯುವುದು ಕಷ್ಟ.

ನಮ್ಮ ಸದಸ್ಯರ ಹನ್ನೊಂದು ರಸೀದಿಗಳ ಪೈಕಿ ನಾಲ್ಕು ಒಂದೇ ತಿರುವಿನವು. ಚಾಲಕನೊಂದಿಗೆ ಹೋಗಿ ನೋಡಿದಾಗ ಅಲ್ಲಿನ 40ರ ಫಲಕವು ಹುಣಸೆಮರದ ಕೊಂಬೆಯ ಹಿಂದಿತ್ತು. ನಿರ್ಬಂಧ ಮುಗಿದುದನ್ನು ಸೂಚಿಸುವ ಫಲಕ ಇರಲೇ ಇಲ್ಲ. ಛಾಯಾಚಿತ್ರಗಳೊಡನೆ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಮನವಿ ಸಲ್ಲಿಸಲಾಗಿದೆ. ಇಂಥ ಸ್ಥಳಗಳನ್ನು ಬಲ್ಲ ಸದಸ್ಯರು ಕಿಲೋಮೀಟರ್ ಕಲ್ಲಿನ ಸಂಖ್ಯೆ, ದಿನಾಂಕಸಹಿತ ಚಿತ್ರಗಳನ್ನು ಸಂಸ್ಥೆಯ ಕಚೇರಿಗೆ ತಲುಪಿಸಿದರೆ ಒಟ್ಟಾಗಿ ಮನವಿ ಸಲ್ಲಿಸಲು ಅನುಕೂಲವಾಗುತ್ತದೆ. ರವಾನೆ ಚೀಟಿಯಲ್ಲಿದ್ದ ‘4ಕ್ಕೆ ತಲುಪತಕ್ಕದ್ದು’ ಎಂಬ ಸಾಲನ್ನು ಆ ಸದಸ್ಯರು ತೆಗೆಸಿದ್ದಾರೆ. ಲಾರಿ ಈಗ ಸಂಜೆ 7ಕ್ಕೆ ಹೊರಡುತ್ತಿದೆ.